ನಮ್ಮೂರ ತಾರಾಲಯಕ್ಕೆ 10 ವರ್ಷ, ಶಾಲು ಹಾರ ಬಿಟ್ಟು ಬೇರೆ ಏನ್ ಮಾಡಬಹುದು?

ಸುಮಾ ಟೀಚರ್

ಎಲ್ರಿಗೂ ನಮಸ್ಕಾರ. ಮಧ್ಯ ಕರ್ನಾಟಕದ ಕಡೆ ಒಂದು ಊರಲ್ಲಿ ಹೈಸ್ಕೂಲ್ ಸೈನ್ಸ್ ಟೀಚರ್ ನಾನು, ಊರಿನ ಹೆಸರು ಇಲ್ಲಿ ಬೇಡ. ನಮ್ಮಲ್ಲಿ ಒಂದು ಪುಟ್ಟ ತಾರಾಲಯ ಇದೆ, ಗುಮ್ಮಟದೊಳಗೆ 60 ಜನ ಕೂರಬಹುದು ಅಷ್ಟೇ, ಈ ಡಿಸೆಂಬರ್‌ಗೆ ಅದು ಶುರುವಾಗಿ ಹತ್ತು ವರ್ಷ. ಕಮಿಟಿಯಲ್ಲಿ ನನ್ನನ್ನೂ ಹಾಕಿದಾರೆ. ಮೊದಲನೇ ಮೀಟಿಂಗ್‌ನಲ್ಲೇ ಶಾಮಿಯಾನ, ಮುಖ್ಯ ಅತಿಥಿಗಳು, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣ ಸಂಚಿಕೆ, ಮಕ್ಕಳ ಸ್ವಾಗತ ನೃತ್ಯ ಎಲ್ಲ ಪಟ್ಟಿ ಆಗೋಯ್ತು. ಆಕಾಶದ ಮಾತು ಬಂದಿದ್ದು ಕೊನೆಗೆ ಟೀ ಬಂದಾಗ, ಅದೂ "ಅವತ್ತು ಒಂದೆರಡು ಶೋ ಫ್ರೀ ಬಿಟ್ರಾಯ್ತು ಬಿಡಿ ಮೇಡಂ" ಅಂತ.

ನನಗೆ ಇದು ಒಪ್ಪಿಗೆ ಆಗ್ತಿಲ್ಲ. ಹತ್ತು ವರ್ಷದಲ್ಲಿ ಇಲ್ಲಿಗೆ ಬಂದಿರೋದು ಹೆಚ್ಚು ಕಮ್ಮಿ ಬರೀ ಶಾಲಾ ಮಕ್ಕಳು, ಬಸ್ಸಲ್ಲಿ ಬರ್ತಾರೆ ಕತ್ತಲಾದ ತಕ್ಷಣ ಕಿರುಚ್ತಾರೆ ಹೋಗ್ತಾರೆ. ಪಕ್ಕದ ಬೀದಿಯ ತರಕಾರಿ ಅಂಗಡಿಯಮ್ಮ ಕೂಡ ಒಂದ್ಸಲ ಒಳಗೆ ಬಂದಿಲ್ಲ, ಕೇಳಿದ್ರೆ "ಅದು ಓದೋ ಮಕ್ಕಳಿಗಲ್ವಾ" ಅಂತಾರೆ. ಅಂಥವರು ಬರೋ ಹಾಗೆ ಏನಾದ್ರೂ ಮಾಡ್ಬೇಕು ಅಂತ ಆಸೆ. ದುಡ್ಡು ಕಮ್ಮಿ. ಇರೋದು ಒಂದು ಆರು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪು (ಕೈಯಲ್ಲೇ ತಿರುಗಿಸೋ ಸರಳ ಥರದ್ದು), ಡಿಜಿಟಲ್ ಪ್ರೊಜೆಕ್ಟರ್ ಇರೋ ಗುಮ್ಮಟ, ಒಬ್ಬ ಆಪರೇಟರ್ ಹುಡುಗ (ತುಂಬಾ ಚುರುಕು), ಆಮೇಲೆ ನಾನು. ಇಂಥದ್ದು ಮಾಡಿ ಅನುಭವ ಇರೋರು ಐಡಿಯಾ ಕೊಡಿ ಪ್ಲೀಸ್.

ಗುಮ್ಮಟದ ಗಿರಾಕಿ

ಟೀಚರ್, ಬೆಂಗಳೂರಿಂದ ಬರೀತಿದೀನಿ, ನೆಹರು ತಾರಾಲಯಕ್ಕೆ ಕಾಲೇಜು ದಿನದಿಂದ ಹೋಗ್ತಿರೋನು. ಮೊದಲು ಒಂದೇ ಮಾತು, ಡೇಟ್ ಫಿಕ್ಸ್ ಮಾಡೋದು ಚಂದ್ರನನ್ನ ಕೇಳಿ, ಮುಖ್ಯ ಅತಿಥಿಯ ಪಿಎನ ಕೇಳಿ ಅಲ್ಲ. ಗೋಡೆ ಕ್ಯಾಲೆಂಡರ್ ತೆಗೆದು ಶುಕ್ಲ ಪಕ್ಷದ ಪಂಚಮಿಯಿಂದ ಅಷ್ಟಮಿ ಒಳಗೆ ಯಾವ ಶನಿವಾರ ಅಥವಾ ಭಾನುವಾರ ಬರುತ್ತೆ ನೋಡಿ. ಸಂಜೆ ಹೊತ್ತಿಗೇ ಚಂದ್ರ ನೆತ್ತಿ ಕಡೆ ಇರ್ತಾನೆ, ಬೆಳಕು ಕತ್ತಲು ಸೇರೋ ಗೆರೆಯ ಹತ್ರ ಕುಳಿಗಳ ನೆರಳು ಉದ್ದ ಬಿದ್ದಿರುತ್ತೆ, ಆರು ಇಂಚಿನದ್ರಲ್ಲಿ ಅದನ್ನ ನೋಡಿದೋರು "ಅಯ್ಯೋ ಗುಂಡಿ ಗುಂಡಿ ಇದೆಯಲ್ರೀ" ಅನ್ನದೆ ಕೆಳಗಿಳಿಯಲ್ಲ. ಹುಣ್ಣಿಮೆ ದಿನ ಇಟ್ಕೊಂಡ್ರೆ ಕೆಲಸ ಕೆಟ್ಟಂಗೆ. ಚಂದ್ರ ಟಾರ್ಚ್ ಥರ ಕಣ್ಣಿಗೆ ಹೊಡೀತಾನೆ, ನೆರಳಿಲ್ಲದೆ ಕುಳಿ ಚಪ್ಪಟೆಯಾಗಿ ಕಾಣುತ್ತೆ, ಮಿಕ್ಕ ನಕ್ಷತ್ರನೂ ಮುಳುಗಿ ಹೋಗುತ್ತೆ. ಆ ತಿಂಗಳು ಸಂಜೆ ಯಾವ ಗ್ರಹ ಸಿಗುತ್ತೆ ಅಂತ ಸ್ಟೆಲೇರಿಯಂನಲ್ಲಿ ನೋಡ್ಕೊಳಿ, ಫ್ರೀ ಸಾಫ್ಟ್‌ವೇರ್.

ಎರಡನೇದು, ಮೊದಲು ಗುಮ್ಮಟ ಆಮೇಲೆ ಆಕಾಶ. ಒಳಗೆ 20 ನಿಮಿಷ ಸಾಕು, "ಇವತ್ತು ರಾತ್ರಿ ನಮ್ಮೂರ ಆಕಾಶ" ಅಂತ ಒಂದೇ ವಿಷಯ, ರೆಕಾರ್ಡ್ ಮಾಡಿದ ಫಿಲ್ಮ್ ಹಾಕ್ಬೇಡಿ, ನೀವೇ ಮೈಕ್ ಹಿಡ್ಕೊಂಡು ಕನ್ನಡದಲ್ಲಿ ಮಾತಾಡಿ. ಕಪ್ಪು ರಂಧ್ರ, ಬಿಗ್ ಬ್ಯಾಂಗ್ ಯಾವುದೂ ಬೇಡ. ಅದು ಮುಗಿದ ತಕ್ಷಣ ಅದೇ ಗುಂಪನ್ನ ಹಾಗೇ ಹೊರಗೆ ಕರ್ಕೊಂಡು ಹೋಗಿ ಒಳಗೆ ತೋರಿಸಿದ್ದನ್ನೇ ಮೇಲೆ ತೋರಿಸಿ. ಇನ್ನೊಂದು ಲಾಭ, ಕತ್ತಲಲ್ಲಿ ಕೂತು ಬಂದಿರೋದ್ರಿಂದ ಕಣ್ಣು ಆಗಲೇ ಅರ್ಧ ಪಳಗಿರುತ್ತೆ. ಪೂರ್ತಿ ಪಳಗೋಕೆ 20-30 ನಿಮಿಷ ಬೇಕು, ಅಷ್ಟರಲ್ಲಿ ಯಾರೋ ಒಬ್ಬ ಮೊಬೈಲ್ ಫ್ಲ್ಯಾಶ್ ಆನ್ ಮಾಡಿದ್ರೆ ಮತ್ತೆ ಮೊದಲಿಂದ! ವಾಲಂಟಿಯರ್‌ಗಳ ಟಾರ್ಚ್‌ಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿಸಿ.

ಕ್ಯೂ ಬಗ್ಗೆ ಈಗಲೇ ಯೋಚನೆ ಮಾಡಿ. ಒಬ್ಬೊಬ್ಬರಿಗೆ ಅರ್ಧ ನಿಮಿಷ ಅಂದ್ರೆ ಗಂಟೆಗೆ 120 ಜನ ಅನ್ನೋದು ಪೇಪರ್ ಲೆಕ್ಕ, ಅಜ್ಜಿ ಕನ್ನಡಕ ತೆಗೀಬೇಕು, ಮಗು ಐಪೀಸ್ ಹಿಡ್ಕೊಂಡು ಎಳೆಯುತ್ತೆ, ನಡುವೆ ಚಂದ್ರ ಬೇರೆ ಎರಡು ನಿಮಿಷಕ್ಕೆ ತನ್ನಷ್ಟೇ ಅಗಲ ಜರುಗಿರ್ತಾನೆ, ನಿಮ್ಮ ಡಾಬ್ಸೋನಿಯನ್ ತಾನಾಗೇ ತಿರುಗಲ್ಲ ಕೈಯಲ್ಲೇ ತಳ್ಳಬೇಕು. ಅರ್ಧದಷ್ಟು ಜನಕ್ಕೆ ಲೆಕ್ಕ ಇಟ್ಕೊಳಿ. ಮಕ್ಕಳಿಗೆ ಹತ್ತೋಕೆ ಒಂದು ಗಟ್ಟಿ ಸ್ಟೂಲು ಮರೀಬೇಡಿ.

ಮಲಪ್ರಭಾ ದಂಡಿ

ಟೀಚರ್ರ, ನಾವು ಧಾರವಾಡ ಕಡೀ ಮಂದಿ. ಓದದ ಮಂದೀನ ಕರೀಬೇಕು ಅಂದ್ರಿ ನೋಡ್ರಿ, ಆ ಮಾತು ಭಾಳ ಹಿಡಿಸ್ತು. ಅವ್ರಿಗೆ ನಕ್ಷತ್ರ ಗೊತ್ತಿಲ್ಲ ಅಂತ ತಿಳ್ಕೋಬ್ಯಾಡ್ರಿ. ನಮ್ಮ ಅಪ್ಪ ಸಾಲಿ ಮೆಟ್ಟಲಾ ಹತ್ತಿದವರಲ್ಲ, ಆದ್ರ ಕೃತ್ತಿಕಾ, ರೋಹಿಣಿ, ಮಿರಗ, ಆರಿದ್ರಾ ಅಂತ ಮಳಿ ಹೆಸರು ಒಂದೂ ತಪ್ಪದ ಹೇಳ್ತಾರ. ರೋಹಿಣಿ ಮಳಿ ಬಂದ್ರ ಓಣಿಯೆಲ್ಲಾ ಜೋಳ ಅಂತ ಗಾದಿ ಬ್ಯಾರೆ. ಆದ್ರ ಆ ರೋಹಿಣಿ ಎಲ್ಲೈತಿ ತೋರಸ್ರಿ ಅಂದ್ರ ಯಾರಿಗೂ ಗೊತ್ತಿಲ್ಲ, ಯಾಕಂದ್ರ ರೋಹಿಣಿ ಮಳಿ ಅಂದ್ರ ಸೂರ್ಯ ರೋಹಿಣಿ ಒಳಗ ಇರೋ ಕಾಲ, ಮೇ 25ರ ಸುಮಾರಿಗೆ ಚಾಲೂ ಆಗಿ ಜೂನ್ 8ರ ತನಕ. ಆ ಹೊತ್ತಿಗೆ ಆ ಚಿಕ್ಕಿ ಸೂರ್ಯನ ಮಗ್ಗಲಾಗ ಇರ್ತೈತಿ, ಹಗಲಿಗೇ ಹುಟ್ಟಿ ಹಗಲಿಗೇ ಮುಳಗ್ತೈತಿ, ಹ್ಯಾಂಗ ಕಂಡೀತು?

ಇದನ್ನ ತೋರಸಾಕ ಭೂಮಿ ಮ್ಯಾಲೆ ನಿಮ್ಮ ಗುಮ್ಮಟದಷ್ಟು ಚಲೋ ಜಾಗಾ ಇಲ್ರಿ. ಆಪರೇಟರ್ ಹುಡುಗಗ ಹೇಳ್ರಿ, ಜೂನ್ 1, ಮಧ್ಯಾಹ್ನ 12 ಗಂಟೆ ಇಡು ಅಂತ. ನೆತ್ತಿ ಮ್ಯಾಲೆ ಸೂರ್ಯ, ನೀಲಿ ಆಕಾಶ. ಆಮ್ಯಾಲೆ ವಾತಾವರಣ ಅನ್ನೋ ಬಟನ್ ಆಫ್ ಮಾಡ್ಸ್ರಿ. ನೀಲಿ ಹೋಗಿ ಕಪ್ಪಾಗ್ತೈತಿ, ಸೂರ್ಯ ಹಂಗ ಇರ್ತಾನ, ಅವನ ಬಾಜೂಕ ಕೆಂಪನ ರೋಹಿಣಿ, ಪಶ್ಚಿಮಕ್ಕ ಕೃತ್ತಿಕಾ ಗೊಂಚಲ. ಅಲ್ಲಿಂದ ದಿನಾ ಒಂದೊಂದ ಮುಂದ ಓಡಸ್ರಿ. ಜೂನ್ 8ಕ್ಕ ಸೂರ್ಯ ಮಿರಗಕ್ಕ ಬಂದ, 22ಕ್ಕ ಆರಿದ್ರಾಕ್ಕ ಬಂದ. ಮಳಿ ಪಟ್ಟಿ ಅಂದ್ರ ಸೂರ್ಯ ಹೋಗೋ ದಾರಿ ಅಂತ ಬಾಯಿಲೆ ಹೇಳೋದs ಬ್ಯಾಡ.

ಮತ್ತ ನಿಮ್ಮ ವಾರ್ಷಿಕೋತ್ಸವ ಡಿಸೆಂಬರ್‌ದಾಗ ಅಂತೀರಿ, ಅದ ಸುದೈವ. ಆರು ತಿಂಗಳ ಅಂತರ ಆತಲ್ರಿ, ಮಳಿಗಾಲದಾಗ ಸೂರ್ಯನ ಬೆನ್ನಿಗಿದ್ದ ಅವ ನಾಕೂ ಚಿಕ್ಕಿ ಈಗ ಹೊತ್ತು ಮುಳುಗಿದ ಮ್ಯಾಲೆ ಒಂದರ ಹಿಂದ ಒಂದು ಮೂಡಲದಾಗ ಏರತಾವ. ಹೊರಗ ಕರ್ಕೊಂಡ ಬಂದು ಬಟ್ಟ ಮಾಡಿ ತೋರಸ್ರಿ. ನಮ್ಮಪ್ಪಗ ಹಿಂಗ ತೋರಿಸಿದಾಗ ಅವ್ರು ಮೊದಲ ಕೇಳಿದ್ದು "ಹಂಗಾರ ಸ್ವಾತಿ ಎಲ್ಲಿ?" ಅಂತ. ಸ್ವಾತಿ ಡಿಸೆಂಬರ್‌ದಾಗ ನಸಿಕಿನ್ಯಾಗ ಮೂಡತೈತಿ, ಅದಕ್ಕೂ ಉತ್ತರ ತಯಾರ ಇಟ್ಕೋರಿ.

ಒಂದs ಮಾತು, ಮಳಿ ಬರತೈತೋ ಇಲ್ಲೋ ಅಂತ ನಕ್ಷತ್ರ ನೋಡಿ ಹೇಳ್ರಿ ಅಂದ್ರ ಅದಕ್ಕ ಹವಾಮಾನ ಇಲಾಖೆ ಐತಿ ಅನ್ರಿ. ಜಾತಕದ ಟೇಬಲ್ ಹಾಕಾಕ ಯಾರಾರ ಬಂದ್ರ ಗೇಟಿನ್ಯಾಗ ತಡೀರಿ.

ಜೇನಾ ಕನ್ನಡಿಗ

ಮೇಲಿನ ಮಳೆ ನಕ್ಷತ್ರದ ಐಡಿಯಾ ಅದ್ಭುತ ಸರ್, ನಾನು ಕದ್ದೆ.

ನಾನಿರೋದು ಜರ್ಮನಿಯ ಜೇನಾದಲ್ಲಿ, ಈ ಪ್ರೊಜೆಕ್ಷನ್ ತಾರಾಲಯ ಅನ್ನೋದು ಹುಟ್ಟಿದ ಊರು. ಝೈಸ್ ಕಂಪನಿಯ ಎಂಜಿನಿಯರ್ ವಾಲ್ಟರ್ ಬಾವರ್ಸ್‌ಫೆಲ್ಡ್ ಮಾಡಿದ ಯಂತ್ರವನ್ನ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿ ಮೊದಲು ಓಡಿಸಿ ತೋರಿಸಿದ್ದು 1923 ಅಕ್ಟೋಬರ್ 21ರಂದು, ಆಮೇಲೆ ಅಲ್ಲಿ ಜನರಿಗೆ ಅಂತ ಕಾಯಂ ಆಗಿ ಶುರುವಾಗಿದ್ದು 1925 ಮೇ 7ಕ್ಕೆ. ಆ ಮೊದಲನೇ ಮೆಷಿನ್ 4,500 ನಕ್ಷತ್ರ ತೋರಿಸ್ತಿತ್ತು, ಆದ್ರೆ ಮ್ಯೂನಿಕ್‌ನಿಂದ ಕಾಣೋ ಆಕಾಶ ಮಾತ್ರ, ಬೆಂಗಳೂರಿನ ಆಕಾಶ ತೋರಿಸು ಅಂದ್ರೆ ಆಗ್ತಿರ್ಲಿಲ್ಲ. ಈ ಊರಿನ ತಾರಾಲಯ 1926 ಜುಲೈ 18ರದ್ದು, ಇವತ್ತಿಗೂ ನಡೀತಿರೋದ್ರಲ್ಲಿ ಜಗತ್ತಿನ ಅತಿ ಹಳೇದು.

ಇದೆಲ್ಲ ಯಾಕೆ ಹೇಳ್ದೆ ಅಂದ್ರೆ ನೂರು ವರ್ಷದ ಆಚರಣೆಯನ್ನ ಇವರು ಒಂದು ದಿನ ಮಾಡಿ ಮುಗಿಸಲಿಲ್ಲ. ಮ್ಯೂನಿಕ್‌ನ ಆ ಎರಡು ತಾರೀಕನ್ನೇ ಶುರು ಮತ್ತೆ ಕೊನೆ ಅಂತ ಇಟ್ಕೊಂಡು 2023 ಅಕ್ಟೋಬರ್‌ನಿಂದ 2025 ಮೇ ತನಕ ಬೇರೆ ಬೇರೆ ದೇಶದ ತಾರಾಲಯಗಳು ತಮ್ಮ ಪಾಡಿಗೆ ಕಾರ್ಯಕ್ರಮ ಮಾಡ್ಕೊಂಡ್ವು. ನೀವೂ ಹಂಗೇ ಮಾಡಿ, ಡಿಸೆಂಬರ್‌ನಲ್ಲಿ ಶುರು ಅನ್ನಿ, ಮುಂದಿನ ಡಿಸೆಂಬರ್ ತನಕ ಎಳೀರಿ. ಕರ್ನಾಟಕದಲ್ಲಿ ಅದಕ್ಕೆ ರೆಡಿ ತಾರೀಕುಗಳಿವೆ. ಶೂನ್ಯ ನೆರಳಿನ ದಿನ, ಅಂದ್ರೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರೋ ದಿನ, ಬೆಂಗಳೂರಲ್ಲಿ ಏಪ್ರಿಲ್ 24ರ ಹತ್ರ ಆಮೇಲೆ ಆಗಸ್ಟ್ 18ರ ಹತ್ರ ಬರುತ್ತೆ, ಹುಬ್ಬಳ್ಳಿ ಕಡೆ ಮೇ ಮೊದಲ ವಾರ, ಕಲಬುರಗಿಗೆ ಮೇ 10ರ ಆಸುಪಾಸು, ನಿಮ್ಮೂರು ಎಷ್ಟು ಡಿಗ್ರಿ ಉತ್ತರಕ್ಕಿದೆ ಅನ್ನೋದ್ರ ಮೇಲೆ ಲೆಕ್ಕ. ಬೇಕಾಗಿರೋದು ಒಂದು ಸ್ಟೀಲ್ ಲೋಟ, ಬೋರಲು ಹಾಕಿಟ್ಟು ನೋಡ್ತಾ ಕೂತ್ರೆ ಮಧ್ಯಾಹ್ನ ನೆರಳು ಅದರಡಿಗೆ ಸೇರ್ಕೊಳ್ಳುತ್ತೆ. ನಿಮ್ಮ ತರಕಾರಿ ಅಂಗಡಿಯಮ್ಮ ಟಿಕೆಟ್ ತಗೊಂಡು ಒಳಗೆ ಬರಬೇಕಂತಾನೂ ಇಲ್ಲ, ಅವರ ಅಂಗಡಿ ಮುಂದೇನೇ ಮಾಡಿ. ಆಗಸ್ಟ್ 23 ಹೇಗೂ ಚಂದ್ರಯಾನ-3 ಇಳಿದ ದಿನ, ರಾಷ್ಟ್ರೀಯ ಬಾಹ್ಯಾಕಾಶ ದಿನ ಅಂತ ಮಾಡಿದಾರೆ, ಅವತ್ತು ಮೋಡ ಇದ್ರೂ ಗುಮ್ಮಟದೊಳಗೆ ಚಂದ್ರ ಸಿಗ್ತಾನೆ.

ರಂಗಣ್ಣ ಹಾಸನ

ಎಲ್ಲಾ ಸರಿ ಕಣ್ರಪ್ಪ, ಆದ್ರೆ ಯಾರೂ ಹೇಳದ ಒಂದು ಮಾತು ಹೇಳ್ತೀನಿ. ಮುಖ್ಯ ಅತಿಥಿ ಬೇಡ ಅಂತ ಹೊರಟ್ರೆ ಆ ಟೀಚರಮ್ಮನಿಗೆ ಕಮಿಟಿಲಿ ಕಷ್ಟ ಆಗುತ್ತೆ. ಮುಂದಿನ ವರ್ಷ ಪ್ರೊಜೆಕ್ಟರ್ ಲ್ಯಾಂಪ್ ಹೋದ್ರೆ ಫೈಲ್ ಹಿಡ್ಕೊಂಡು ಹೋಗೋದು ಅದೇ ಅತಿಥಿ ಹತ್ರ ತಾನೆ? ನಾನು ಇಂಥ ಒಂದು ಸಂಸ್ಥೆಯಲ್ಲಿ ಆಡಳಿತ ನೋಡ್ಕೊಂಡು ರಿಟೈರ್ ಆದವನು, ಅಲ್ಲಿ ಒಂದು ವಾರ್ಷಿಕೋತ್ಸವ ಸಂಜೆ 5ಕ್ಕೆ ಅಂತ ಇದ್ದಿದ್ದು ಅತಿಥಿಗಳು ಬಂದಿದ್ದು ಏಳೂವರೆಗೆ, ಭಾಷಣ ಮುಗಿಯೋವಾಗ ಮಕ್ಕಳೆಲ್ಲ ಕುರ್ಚಿ ಮೇಲೇ ನಿದ್ದೆ, ಟೆಲಿಸ್ಕೋಪಿನ ಬಟ್ಟೆ ಮುಸುಕು ಕೂಡ ತೆಗೀಲಿಲ್ಲ. ಅದಕ್ಕೆ ಉಪಾಯ ಏನಪ್ಪಾ ಅಂದ್ರೆ ಸಭೆನ ಬೆಳಗ್ಗೆ 11ಕ್ಕೆ ಹಾಕ್ಬಿಡಿ. ಶಾಲು ಹಾರ ಭಾಷಣ ಊಟ ಎಲ್ಲ ಬೆಳಕಲ್ಲೇ ಮುಗೀಲಿ. ಆಗ ಒಂದು ಬಿಳಿ ರಟ್ಟಿನ ಮೇಲೆ ಟೆಲಿಸ್ಕೋಪಿಂದ ಸೂರ್ಯನ ಬಿಂಬ ಬೀಳಿಸಿ ಅತಿಥಿಗಳಿಗೆ ತೋರಿಸಿ, ಕಲೆ ಇದ್ರೆ ಕಾಣುತ್ತೆ, ಫೋಟೋನೂ ಚೆನ್ನಾಗಿ ಬರುತ್ತೆ, ಅವರೂ ಖುಷಿ. ಆದ್ರೆ ಯಾರೂ ಅದರೊಳಗೆ ಕಣ್ಣಿಡದ ಹಾಗೆ ಪಕ್ಕದಲ್ಲಿ ಒಬ್ಬರು ನಿಂತೇ ಇರಬೇಕು, ಇದು ತಮಾಷೆ ಅಲ್ಲ, ಕ್ಷಣದಲ್ಲಿ ಕಣ್ಣು ಹೋಗುತ್ತೆ. ಸಂಜೆ ಪೂರ್ತಿ ನಿಮ್ಮದು.

ಸ್ಮರಣ ಸಂಚಿಕೆಗೆ ಇಟ್ಟಿರೋ ದುಡ್ಡಲ್ಲಿ ಅರ್ಧ ಕಿತ್ಕೊಂಡು ರಟ್ಟಿನ ನಕ್ಷತ್ರ ಚಕ್ರ ಪ್ರಿಂಟ್ ಹಾಕಿಸಿ, ತಾರೀಕು ಟೈಮು ತಿರುಗಿಸಿದ್ರೆ ಆಕಾಶ ತೋರಿಸೋ ಅಂಥದ್ದು, ಹೆಸರೆಲ್ಲ ಕನ್ನಡದಲ್ಲಿ, ಮಹಾವ್ಯಾಧ, ಲುಬ್ಧಕ, ಕೃತ್ತಿಕೆ ಅಂತ. ಸಂದೇಶ ಸಂದೇಶ ಅಂತ 40 ಪುಟ ಹಾರೈಕೆ ಯಾರು ಓದ್ತಾರೆ, ರದ್ದಿಗೆ ಹೋಗೋದು.

ಸುಮಾ ಟೀಚರ್

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ರಂಗಣ್ಣ ಸರ್, ಬೆಳಗ್ಗೆ 11ರ ಐಡಿಯಾ ಅಧ್ಯಕ್ಷರಿಗೆ ಹೇಳಿದೆ, ಊಟದ ವ್ಯವಸ್ಥೆ ಸುಲಭ ಆಗುತ್ತೆ ಅಂತ ತಕ್ಷಣ ಒಪ್ಪಿದ್ರು! ಸಂಚಿಕೆ ಮಾತ್ರ ಬಿಡಲ್ವಂತೆ, ಪುಟ ಕಮ್ಮಿ ಮಾಡ್ತಾರಂತೆ. ಮಳೆ ನಕ್ಷತ್ರದ್ದು ನಮ್ಮ ಆಪರೇಟರ್ ಹುಡುಗ ಇವತ್ತೇ ಹಾಕಿ ನೋಡ್ದ, ಜೂನ್ 1 ಇಟ್ಟು ನೀಲಿ ತೆಗೆದಾಗ ಅವನೇ "ಮೇಡಂ ನಮ್ಮ ತಾತಂಗೆ ಫೋನ್ ಮಾಡ್ತೀನಿ" ಅಂದ. ನಮ್ಮ ಕಡೆ ಮಿರಗ ಅನ್ನಲ್ಲ ಮೃಗಶಿರೆ ಅಂತಾರೆ, ಅಷ್ಟೇ ಬದಲಾಯಿಸ್ತೀನಿ.

ಈಗ ಎರಡು ತಲೆನೋವು. 60 ಸೀಟು, ಬರೋರು 500 ಆದ್ರೆ ಏನ್ ಮಾಡ್ಲಿ? ಎರಡನೇದು ಕಾಂಪೌಂಡ್ ಪಕ್ಕದಲ್ಲೇ ದೊಡ್ಡ ಹೈಮಾಸ್ಟ್ ಲೈಟ್ ಇದೆ, ಅದು ಉರೀತಿದ್ರೆ ಅಂಗಳದಲ್ಲಿ ಪೇಪರ್ ಓದಬಹುದು.

ಗುಮ್ಮಟದ ಗಿರಾಕಿ

ಬಣ್ಣದ ಚೀಟಿ ಮಾಡಿ ಟೀಚರ್, ಆರೂವರೆಗೆ ಕೆಂಪು, ಏಳಕ್ಕೆ ಹಳದಿ, ಹಿಂಗೆ ಅರ್ಧ ಗಂಟೆಗೊಂದು. 500 ಅಂದ್ರೆ ಒಂಬತ್ತು ಶೋ ಬೇಕು, ರಾತ್ರಿ ಹನ್ನೊಂದಾಗುತ್ತೆ, ಒಂದೇ ದಿನಕ್ಕೆ ಆಗಲ್ಲ. ಶನಿವಾರ ಭಾನುವಾರ ಎರಡು ದಿನ ಇಡಿ, ಶನಿವಾರ ಊರಿನವರಿಗೆ, ಭಾನುವಾರ ಮಕ್ಕಳಿಗೆ. ಕಾಯೋರನ್ನ ಸುಮ್ನೆ ನಿಲ್ಲಿಸಬೇಡಿ, ಅಂಗಳದಲ್ಲಿ ಧ್ರುವ ನಕ್ಷತ್ರ ಹುಡುಕಿಸಿ. ಕೈ ಚಾಚಿ ಮುಷ್ಟಿ ಹಿಡಿದ್ರೆ ಹತ್ತಿರ ಹತ್ತಿರ 10 ಡಿಗ್ರಿ, ನಮ್ಮ ಕಡೆ ದಿಗಂತದಿಂದ ಒಂದೂವರೆ ಮುಷ್ಟಿಯಷ್ಟೇ ಎತ್ತರದಲ್ಲಿದೆ ಅದು, ಆ ಎತ್ತರನೇ ನಿಮ್ಮೂರಿನ ಅಕ್ಷಾಂಶ. ಉತ್ತರಕ್ಕೆ ಮರ ಕಟ್ಟಡ ಅಡ್ಡ ಇಲ್ಲದ ಜಾಗ ಮೊದಲೇ ನೋಡಿಟ್ಕೊಳಿ. ಜೇನಾದವರು ಅಲ್ಲಿಂದ ಅಳೆದ್ರೆ ಐದು ಮುಷ್ಟಿ ಬರುತ್ತೆ, ಒಂದು ಫೋಟೋ ತರಿಸ್ಕೊಂಡು ಪಕ್ಕ ಇಡಿ.

ರಂಗಣ್ಣ ಹಾಸನ

ಲೈಟಿಗೆ ಪುರಸಭೆಗೆ ಅರ್ಜಿ ಈಗಲೇ ಕೊಡಿ, 6ರಿಂದ 10ರ ತನಕ ಅಂತ ಟೈಮ್ ಬರೆದು, ಅಧ್ಯಕ್ಷರ ಲೆಟರ್‌ಹೆಡ್‌ನಲ್ಲಿ, ಕಾಪಿ ಪೊಲೀಸ್ ಸ್ಟೇಷನ್‌ಗೆ. ಹಿಂದಿನ ದಿನ ಲೈನ್‌ಮನ್ ಫೋನ್ ನಂಬರ್ ಇಸ್ಕೊಂಡು ಅವರ ಮನೆಯವರಿಗೆಲ್ಲ ಮೊದಲನೇ ಶೋದ ಕೆಂಪು ಚೀಟಿ ಕೊಟ್ಬಿಡಿ. ಲೈಟು ಆರುತ್ತೆ.