ಹೆದ್ದಾರಿ ಬದಿಯ ನಿವೇಶನದಲ್ಲಿ ಅಂಗನವಾಡಿ: ಆಕ್ಷೇಪಣೆ ಸಲ್ಲಿಸುವ ಬಗ್ಗೆ

ಕಾರ್ಯದರ್ಶಿ:
ಬಡಾವಣೆಯ ಪಶ್ಚಿಮದ ಅಂಚಿನಲ್ಲಿ, 66ನೇ ರಾಷ್ಟ್ರೀಯ ಹೆದ್ದಾರಿಗೆ ತಾಗಿಕೊಂಡಿರುವ ಖಾಲಿ ನಿವೇಶನದಲ್ಲಿ ಅಂಗನವಾಡಿ ಕಟ್ಟುವ ಪ್ರಸ್ತಾಪ ಬಂದಿದೆ. ವಾಹನಗಳ ಹೊಗೆಯ ಕಾರಣಕ್ಕೆ ಅದನ್ನು ಒಳಗಿನ ಉದ್ಯಾನದ ಪಕ್ಕಕ್ಕೆ ಬದಲಾಯಿಸುವಂತೆ ಮನವಿ ಕೊಡೋಣವೇ ಎಂಬುದರ ಬಗ್ಗೆ ಎಲ್ಲರೂ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

ಮನೆ 22:
ಕಡಲಗಾಳಿ ಬೀಸುವ ಮಂಗಳೂರಿನಲ್ಲಿ ಇಷ್ಟು ಗಾಬರಿ ಅಗತ್ಯವೇ? ಗಾಳಿಯ ಗುಣಮಟ್ಟ ಸಾಲದ ನಗರಗಳಿಗಾಗಿ ಇರುವ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡಗಳಿವೆ, ನಮ್ಮ ಊರಿಲ್ಲ. ಹೆದ್ದಾರಿ ಬದಿಯಾದರೆ ತಾಯಂದಿರಿಗೆ ಬಸ್ಸೂ ಹತ್ತಿರ.

ಮನೆ 9:
ಮಾಸ್ಟ್ರೇ, ಆ ಪಟ್ಟಿ ಇಡೀ ನಗರವನ್ನು ಕುರಿತದ್ದು. ಹೆದ್ದಾರಿಯ ಅಂಚಿನ ಗಾಳಿ ಹೇಗಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ವಾಹನಗಳ ಹೊಗೆಯ ಪರಿಣಾಮ ದೊಡ್ಡ ರಸ್ತೆಯಿಂದ ಸುಮಾರು 300ರಿಂದ 500 ಮೀಟರ್‌ವರೆಗೆ ಹೆಚ್ಚು ಎಂದು ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರಲ್ಲೇ ಹೇಳಿತ್ತು. ನೀವು ನಂಬಿರುವ ಕಡಲಗಾಳಿಯೇ ಇಲ್ಲಿ ನಮಗೆ ಎದುರಾಗುತ್ತದೆ: ಹಗಲಿನಲ್ಲಿ ಅದು ಪಶ್ಚಿಮದಿಂದ ಬೀಸುವುದರಿಂದ, ಪಣಂಬೂರಿನ ಬಂದರಿಗೆ ಹೋಗಿಬರುವ ಲಾರಿಗಳ ಹೊಗೆಯನ್ನು ಮಕ್ಕಳು ಅಂಗನವಾಡಿಯಲ್ಲಿರುವ ಹೊತ್ತಿಗೇ ಪೂರ್ವಕ್ಕೆ, ಅಂದರೆ ನಮ್ಮ ಕಡೆಗೆ, ತಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಗಾಳಿಯೇ ಮಂದವಾಗಿ, ನೆಲಮಟ್ಟದ ತಂಪು ಹವೆಯಲ್ಲಿ ಹೊಗೆ ಮೇಲೇರದೆ ನಿಲ್ಲುತ್ತದೆ. ಸೂಕ್ಷ್ಮ ಕಣಗಳಿಗೆ (ಪಿಎಂ 2.5) ನಮ್ಮ ದೇಶದ 24 ಗಂಟೆಗಳ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ 15, ಹಾಗಾಗಿ ಇಲ್ಲಿನ ಮಿತಿಯೊಳಗಿದ್ದರೆ ಸಾಕು ಎಂಬ ಸಮಾಧಾನವೂ ಪೂರ್ತಿಯಲ್ಲ.

ಊರು ಹೆದ್ದಾರಿಯುದ್ದಕ್ಕೂ ಉದ್ದಕ್ಕೆ ಬೆಳೆದಂತೆ ಮನೆ, ಶಾಲೆ, ಕ್ಲಿನಿಕ್ಕುಗಳು ಹೊಗೆಯ ಪಕ್ಕಕ್ಕೇ ಬರುತ್ತಿವೆ. ಹಾಗೆಂದು ಊರಿನಾಚೆ ಹರಡುವುದೂ ಪರಿಹಾರವಲ್ಲ. ದೂರ ಹೆಚ್ಚಾದಷ್ಟೂ ಸ್ಕೂಟರಿನಲ್ಲಿ ಹೋಗುವವರು ಅದೇ ಹೊಗೆಯಲ್ಲಿ ಹೆಚ್ಚು ಹೊತ್ತು ಕಳೆಯುತ್ತಾರೆ. ಒತ್ತಾಗಿಯೇ ಕಟ್ಟಲಿ, ಆದರೆ ರಸ್ತೆಯ ಮುಖಕ್ಕೆ ಅಂಗಡಿ, ಗೋದಾಮು ಬರಲಿ. ಮಕ್ಕಳು, ವೃದ್ಧರು ಒಳಗಿರಲಿ. ಬಸ್ ನಿಲ್ದಾಣದಿಂದ ಐದು ನಿಮಿಷ ನಡೆಯುವುದು ಯಾರಿಗೂ ಭಾರವಾಗಲಾರದು.

ಮನೆ 31:
ಅಕ್ಕ ಹೇಳಿದ್ದು ಸರಿ. ಗುಡ್ಡ ತಗ್ಗಿಸಿ ಫ್ಲ್ಯಾಟ್ ಕಟ್ಟುತ್ತಿರುವ ಕಡೆಯಿಂದ ಟಾರ್ಪಾಲು ಹೊದೆಸದೆ ಓಡುವ ಕೆಂಪು ಮಣ್ಣಿನ ಟಿಪ್ಪರ್‌ಗಳ ವಿಷಯವನ್ನೂ ಮನವಿಯಲ್ಲಿ ಸೇರಿಸಬೇಕು.

ಮನೆ 22:
ಗಾಳಿಯ ದಿಕ್ಕನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಿಲ್ದಾಣದಿಂದ ಒಳಗಿನವರೆಗೆ ಕಾಲುದಾರಿ ಮತ್ತು ಚರಂಡಿಗೆ ಚಪ್ಪಡಿ ಹಾಕಿಸುವುದಾದರೆ ನನ್ನ ಒಪ್ಪಿಗೆ ಇದೆ.

ಕಾರ್ಯದರ್ಶಿ:
ಕಾಲುದಾರಿಯ ಬೇಡಿಕೆಯನ್ನು ಅಂಗನವಾಡಿಯ ಮನವಿಯಲ್ಲೇ ಸೇರಿಸುತ್ತೇನೆ. ಟಿಪ್ಪರ್‌ಗಳ ದೂರು ಬೇರೆ ಪತ್ರವಾಗಿರಲಿ, ಇಲ್ಲವಾದರೆ ಎರಡೂ ಒಂದೇ ಕಡತದಲ್ಲಿ ಸಿಕ್ಕಿಕೊಳ್ಳುತ್ತವೆ. ಭಾನುವಾರ ಸಂಜೆ ಸಹಿ ಹಾಕಲು ಬರುವವರು ಮನೆ ತೆರಿಗೆ ರಶೀದಿಯ ಪ್ರತಿ ತನ್ನಿ.