ಹಾರ್ಮೋನ್ ಕೊಟ್ಟ ಹಸುವಿನ ಹಾಲಿನಿಂದ ಚೀಸ್ ಸರಿಯಾಗಿ ಬರುತ್ತದೆಯೇ?

ಕೇಳಿದವರು: ನಾನು ಹಾಲು ಕೊಳ್ಳುವ ಕೊಟ್ಟಿಗೆಯಲ್ಲಿ ಈಚೆಗೆ ಹಸುಗಳಿಗೆ ಹಾರ್ಮೋನ್ ಚುಚ್ಚುಮದ್ದು ಕೊಡುತ್ತಿದ್ದಾರೆ. ಆಗಿನಿಂದ ಚೀಸ್‌ನ ಗರಣೆ (ಗಟ್ಟಿಕಟ್ಟಿದ ಹಾಲು) ಮೆತ್ತಗಾಗುತ್ತಿದೆ. ಎರಡಕ್ಕೂ ಸಂಬಂಧವಿದೆಯೇ?

ಚೀಸ್ ಮಾಡುವವರೊಬ್ಬರು: ಯಾವ ಹಾರ್ಮೋನ್ ಎಂಬುದನ್ನು ಮೊದಲು ವಿಚಾರಿಸಿ. ಬೆದೆಗೆ ತರಲು ಕೊಡುವ ಪ್ರೊಜೆಸ್ಟರಾನ್‌ನಿಂದ ಗರಣೆ ಕೆಟ್ಟದ್ದನ್ನು ನಾನು ಕಂಡಿಲ್ಲ. ಗಬ್ಬದ ಹಸುವಿನ ಹಾಲಿನಲ್ಲಿ ಅದು ಹೇಗೂ ಇರುತ್ತದೆ. ಹಾಲು ಹೆಚ್ಚಿಸುವ ಸೊಮಾಟೋಟ್ರೋಪಿನ್‌ನ ವಿಷಯ ಬೇರೆ. ಅದು ಪ್ರೋಟೀನ್ ಆದ್ದರಿಂದ ಕುಡಿದವರ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಆದರೆ ಮೊದಲ ಕೆಲವು ವಾರ ಹಸುವಿನ ಮೇವು ಹಾಲಿನ ಏರಿಕೆಗೆ ಸರಿಗಟ್ಟದಿದ್ದರೆ ಹಾಲಿನಲ್ಲಿ ಕೊಬ್ಬಿನಂಶ ಏರಿ ಪ್ರೋಟೀನ್ ಅಂಶ ಇಳಿಯುತ್ತದೆ. ಕೆಚ್ಚಲು ಬಾವಿನ ಸಾಧ್ಯತೆಯೂ ಹೆಚ್ಚುತ್ತದೆ; 1999ರಲ್ಲಿ ಕೆನಡಾ ಅದಕ್ಕೆ ಅನುಮತಿ ನಿರಾಕರಿಸಿದ್ದು ಹಸುಗಳ ಆರೋಗ್ಯದ ಕಾರಣಕ್ಕೇ. ಬಾವು ಬಂದ ಕೆಚ್ಚಲಿನ ಹಾಲಿನಲ್ಲಿ ಪ್ಲಾಸ್ಮಿನ್ ಎಂಬ ಕಿಣ್ವ ಹೆಚ್ಚಿ, ಗರಣೆ ಕಟ್ಟಬೇಕಾದ ಕೇಸೀನ್ ಎಂಬ ಹಾಲಿನ ಪ್ರೋಟೀನನ್ನು, ಹಾಲು ಗಟ್ಟಿಕಟ್ಟಿಸುವ ರೆನೆಟ್ ಹಾಕುವ ಮೊದಲೇ ಒಡೆದಿರುತ್ತದೆ. ಅಂಥ ಗರಣೆಗೆ ಚಾಕು ಇಳಿಸಿ ಮೆಲ್ಲಗೆ ಎತ್ತಿದರೆ ಸೀಳು ನೇರವಾಗಿ ಬಾಯಿ ಬಿಡದೆ ಅಂಚುಗಳು ಪುಡಿಪುಡಿಯಾಗುತ್ತವೆ, ಹಾಲೊಡಕು ತಿಳಿಯಾಗಿರದೆ ಬೆಳ್ಳಗೆ ಬರುತ್ತದೆ.

ಹಸು ಸಾಕುವವರೊಬ್ಬರು: ನನ್ನ ಅನುಭವ ಕೆಚ್ಚಲಿನಿಂದ ಹಾಲು ಇಳಿಸುವ ಹಾರ್ಮೋನ್ ಆದ ಆಕ್ಸಿಟೋಸಿನ್‌ನದು. ಸೊರೆ ಬಿಡದ ಹಸುವೊಂದಕ್ಕೆ ನಾಲ್ಕು ದಿನ ಕೊಟ್ಟೆ. ಆಮೇಲೆ ಕರು ಬಿಟ್ಟರೂ ಸೂಜಿಗಾಗಿ ಕಾಯತೊಡಗಿತು. ಕೆಚ್ಚಲಲ್ಲಿ ಉಳಿಯುವ ಕೊನೆಯ ಹಾಲೂ ಇಳಿದುಬರುವುದರಿಂದ, ಮತ್ತು ಆ ಹಾಲಿನಲ್ಲೇ ಕೊಬ್ಬು ಹೆಚ್ಚಿರುವುದರಿಂದ, ಮೊದಲ ದಿನ ಹಾಲು ಗಟ್ಟಿಯಾಗಿ ಕಂಡು ಮೋಸಹೋಗಿದ್ದೆ. ಹೆಚ್ಚು ಪ್ರಮಾಣದಲ್ಲಿ ಕೊಡುತ್ತ ಹೋದರೆ ಹಾಲು ಸ್ರವಿಸುವ ಕೋಶಗಳ ನಡುವಿನ ಬಿಗಿ ಸಡಿಲವಾಗಿ ರಕ್ತದ ಸೋಡಿಯಂ, ಕ್ಲೋರೈಡ್ ಹಾಲಿಗೂ, ಹಾಲಿನ ಲ್ಯಾಕ್ಟೋಸ್ ರಕ್ತಕ್ಕೂ ಸೇರುತ್ತವೆ. ನಾಲಿಗೆಗೆ ತುಸು ಉಪ್ಪುಪ್ಪಾಗಿ ತಿಳಿಯುವುದು ಅದೇ.

ಚೀಸ್ ಮಾಡುವವರು: ಹಾಗಿದ್ದರೆ ಒಟ್ಟು ಹಾಲನ್ನು ದೂರುವ ಬದಲು ಪ್ರತಿ ಹಸುವಿನ ಹಾಲನ್ನೂ ಬೇರೆ ಬೇರೆ ಲೋಟಗಳಲ್ಲಿ ಒಂದೇ ಬಿಸಿಯಲ್ಲಿಟ್ಟು, ಅಳೆದು ರೆನೆಟ್ ಹಾಕಿ, ಗರಣೆ ಕಟ್ಟುವ ಹೊತ್ತನ್ನು ಬರೆದುಕೊಳ್ಳಿ. ಚುಚ್ಚುಮದ್ದು ಪಡೆಯದ ಹಸುವಿನ ಹಾಲೂ ಜೊತೆಗಿರಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಕೇಳಿದವರು: ಏಳು ಲೋಟಗಳಲ್ಲಿಟ್ಟು ನೋಡಿದೆ. ಐದು ಒಟ್ಟಿಗೇ ಗಟ್ಟಿಯಾದವು. ತಡವಾದ ಎರಡರಲ್ಲಿ ಒಂದು ಚುಚ್ಚುಮದ್ದನ್ನೇ ಪಡೆಯದ ಹಸುವಿನದು, ಅದರ ಒಂದು ಮೊಲೆ ಬಿಸಿಯಾಗಿ ಊದಿಕೊಂಡಿತ್ತು. ಇನ್ನೊಂದಕ್ಕೆ ದಿನವೂ ಆಕ್ಸಿಟೋಸಿನ್ ಕೊಡುತ್ತಾರಂತೆ. ಎರಡರ ಹಾಲನ್ನೂ ಸದ್ಯಕ್ಕೆ ಬೇರೆ ಇಡಿಸಿದ್ದೇನೆ.