ಮುತ್ಯಾನ ಹಾಡಿನ ಪದಗಳ ವಹಿ ಉರ್ದು ಅಕ್ಷರದಲ್ಲಿದೆ, ಯಾರಾದರೂ ಓದುವವರು ಇದ್ದೀರಾ?

ಎರೆಹೊಲ:
ನಮಸ್ಕಾರ್ರಿ ಎಲ್ಲರಿಗೂ. ನಮ್ಮದು ಜೇವರ್ಗಿ ಕಡೆ ಹಳ್ಳಿ. ಬರುವ ಎಳ್ಳಮಾಸಿಗೆ ನಮ್ಮ ಮುತ್ಯಾ (ಅಜ್ಜ) ಹೋಗಿ ಒಂದು ವರ್ಷ. 88 ವರ್ಷದ ಮನುಷ್ಯ, ಹೋಗುವ ವಾರವೂ ಹೊಲಕ್ಕೆ ಹೋಗಿ ತೊಗರಿ ಕಾಯಿ ಸುಲಿದು ನೋಡಿ ಬಂದಿದ್ದ. ವರ್ಷದ ದಿನ ಹಂಚೋಕೆ ಒಂದು ಸಣ್ಣ ಪುಸ್ತಕ ಮಾಡಿಸೋಣ ಅಂತ ಕಾಕಾಗಳು ಹೇಳಿದರು, ಬರೆಯುವ ಕೆಲಸ ನನ್ನ ತಲೆಗೆ ಬಂತು. ಪ್ರೆಸ್ಸಿನವರು 'ಶ್ರಮಜೀವಿ, ಸಂಗೀತಪ್ರೇಮಿ, ಆದರ್ಶ ಗೃಹಸ್ಥ' ಅಂತ ನಮೂನೆ ಕಳಿಸಿದ್ದಾರೆ. ಫೋಟೊ ಬದಲಿಸಿದರೆ ಯಾರ ಮುತ್ಯಾನಿಗಾದರೂ ನಡೆಯುತ್ತದೆ, ಅಲ್ವಾ?

ಅವನು ಹಂಗಿರಲಿಲ್ಲ. ಮೊದಲು ಜೋಳದ ರಾಶಿ ಅಂದರೆ ಕಾಳು ಬಿಡಿಸೋಕೆ ರಾತ್ರಿಯಿಡೀ ಎತ್ತುಗಳು ತೆನೆ ತುಳಿಯುತ್ತ ಮೇಟಿ ಕಂಬದ ಸುತ್ತ ತಿರುಗಬೇಕು, ಹಿಂದೆ ಒಬ್ಬ ಹಂತಿ ಪದ ಹೇಳುತ್ತಿರಬೇಕು. ನಮ್ಮ ಊರಲ್ಲಿ ಆ ಒಬ್ಬ ಮುತ್ಯಾನೇ. ಇವನು ಬೀಡಿ ಹಚ್ಚೋಕೆ ಹಾಡು ನಿಲ್ಲಿಸಿದರೆ ಎತ್ತುಗಳೂ ನಿಲ್ಲುತ್ತಿದ್ದವು ಅಂತ ಅಪ್ಪ ಹೇಳುತ್ತಾನೆ. ನಾನು ಹುಟ್ಟುವ ಹೊತ್ತಿಗೆ ರಾಶಿ ಮಷಿನ್ ಬಂದಿತ್ತು. 'ಇದರ ಸಪ್ಪಳಕ್ಕ ಯಾವ ತಾಳ ಹಾಕಲೋ' ಅಂತ ಬೈದು, ಬೇವಿನ ಗಿಡದ ಕೆಳಗೆ ಹೋಗಿ ಕೂಡುತ್ತಿದ್ದ.

ಇನ್ನೊಂದು. ಎತ್ತು ತರುತ್ತೇನೆ ಅಂತ ತೊಗರಿ ಮಾರಿದ ರೊಕ್ಕ ಕಟ್ಟಿಕೊಂಡು ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗೆ ಹೋದವನು ಪೇಟಿ (ಹಾರ್ಮೋನಿಯಂ) ಹೊತ್ತುಕೊಂಡು ಬಂದನಂತೆ. ಆಯಿ (ನಮ್ಮ ಅಜ್ಜಿ) ಮೂರು ದಿನ ಮಾತು ಬಿಟ್ಟಿದ್ದಳು. ಆ ವರ್ಷ ಮನೆಯಲ್ಲಿ ಒಂಟೆತ್ತು. ಬಾಜು ಹೊಲದವರ ಎತ್ತು ಜೊತೆ ಮಾಡಿಕೊಂಡು, ಅದರ ಮುಯ್ಯಿಗೆ ಅವರ ಹೊಲವನ್ನೂ ತಾನೇ ಹರಗಿ ಕೊಟ್ಟ. ಹಗಲು ಎರಡು ಹೊಲ, ಅಮಾಸಿ ರಾತ್ರಿ ಬೆಳತನಕ ಗುಡಿಯಲ್ಲಿ ಭಜನಿ.

ಈಗ ವಿಷಯಕ್ಕೆ ಬರ್ತೀನಿ. ಅವನ ಪೆಟ್ಟಿಗೆಯಲ್ಲಿ ಒಂದು ದಪ್ಪ ವಹಿ (ನೋಟ್‌ಬುಕ್) ಸಿಕ್ಕಿದೆ. ನಿಜಾಮರ ಕಾಲದಲ್ಲಿ ನಾಲ್ಕನೇ ಇಯತ್ತೆ ತನಕ ಉರ್ದು ಶಾಲೆಗೆ ಹೋದವನು, ಹಾಗಾಗಿ ತಾನು ಹಾಡುತ್ತಿದ್ದ ಕನ್ನಡ ಪದಗಳನ್ನೆಲ್ಲ ಉರ್ದು ಅಕ್ಷರದಲ್ಲಿ ಬರೆದಿದ್ದಾನೆ. ಊರಿನ ಒಬ್ಬ ಹುಡುಗ ಉರ್ದು ಓದುತ್ತಾನೆ, ಆದರೆ ಎರಡು ಸಾಲು ಓದಿ 'ಅಣ್ಣ, ಇದು ಅರ್ಥ ಆಗ್ತಿಲ್ಲ' ಅಂತ ಕೈ ಬಿಟ್ಟ. ಏನು ಮಾಡಲಿ? ಭಜನಿಯ ಮೂರು ಕ್ಯಾಸೆಟ್ಟೂ ಇವೆ.

ಬೀದರ_ಮಾಸ್ತರ:
ತಮ್ಮಾ, ಆ ಹುಡುಗನದು ತಪ್ಪಿಲ್ಲ. ಉರ್ದುವಿನಲ್ಲಿ ನಮ್ಮ ಣ, ಳ ಇಲ್ಲ. ಹ್ರಸ್ವ ಸ್ವರ ಬರೆಯುವುದಿಲ್ಲ. ಶಬ್ದದ ನಡುವೆ ಬಂದರೆ ಏ, ಈ ಎರಡಕ್ಕೂ ಒಂದೇ ಅಕ್ಷರ, ಓ, ಊ ಎರಡಕ್ಕೂ ಒಂದೇ. ಅಂದರೆ 'ಬೇಡು' ಅಂತ ಬರೆದದ್ದನ್ನು 'ಬೀಡು' ಅಂತಲೂ ಓದಬಹುದು. 'ಕೂಡು' ಹೋಗಿ 'ಕೋಡು' ಆಗುತ್ತದೆ. ಪದ ಮೊದಲೇ ಬಾಯಿಗೆ ಬಂದವನಿಗೆ ಅದು ನೆನಪಿನ ಗುರುತು, ಅಷ್ಟೇ. ನಿಮ್ಮ ಮುತ್ಯಾ ತನಗಾಗಿ ಬರೆದುಕೊಂಡದ್ದು, ನಿಮಗಾಗಿ ಅಲ್ಲ.

ಹಾಗಾಗಿ ಓದುವವರು ಒಬ್ಬರು ಸಾಲದು, ಇಬ್ಬರು ಬೇಕು. ಉರ್ದು ಬಲ್ಲವರು ಸಾಲು ಓದುತ್ತ ಹೋಗಲಿ, ಆ ಪದ ಕೇಳಿ ಬೆಳೆದವರು ಪಕ್ಕದಲ್ಲಿ ಕೂತು ತಿದ್ದಲಿ. ಅವನ ಮೇಳದ ತಾಳದವರು ಯಾರಾದರೂ ಉಳಿದಿದ್ದರೆ ತಡ ಮಾಡಬೇಡಿ. ಕೊನೆಯ ನುಡಿಯಲ್ಲಿ ಅಂಕಿತ (ಪದ ಕಟ್ಟಿದವರ ಗುರುತಿನ ಹೆಸರು) ಹುಡುಕಿ. ಕಡಕೋಳ ನಿಮ್ಮ ಕಡೆಯದೇ ಊರಲ್ಲವೇ, ಅಲ್ಲಿಯ ತತ್ವಪದಕಾರ ಮಡಿವಾಳಪ್ಪನವರ ಪದಗಳು, ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದಗಳು ಇದ್ದೇ ಇರುತ್ತವೆ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರದವರು ತತ್ವಪದಗಳನ್ನು ಹಲವು ಸಂಪುಟ ಮಾಡಿ ತಂದಿದ್ದಾರೆ, ಅದರ ಜೊತೆ ತಾಳೆ ನೋಡಬಹುದು.

ಮೇಲೆ 1365, 1367 ಅಂತ ಇಸವಿ ಕಂಡರೆ ಗಾಬರಿಯಾಗಬೇಡಿ. ಅದು ಫಸಲಿ, ನಿಜಾಮರ ಕಡೆಯ ಕಂದಾಯದ ವರ್ಷ. ನಮ್ಮ ಇಸವಿ ಬೇಕಾದರೆ 590 ಕೂಡಿಸಿ. ಲೆಕ್ಕದಲ್ಲಿ 'ಹಾಲಿ' ಅಂತ ಇದ್ದರೆ ಅದು ಹೈದರಾಬಾದಿನ ಹಾಲಿ ಸಿಕ್ಕಾ, ಅಂದರೆ ನಿಜಾಮರ ರೂಪಾಯಿ, ನಮ್ಮ 6 ರೂಪಾಯಿಗೆ ಅವು 7. ನಿಜಾಮರು ಹೋದ ಮೇಲೂ 1959ರ ತನಕ ನಡೆಯಿತು.

ಆಳಂದದ_ಸೊಸೆ:
ಎಲ್ಲಾ ಸರಿ, ಆಯಿಯನ್ನು ಕೇಳಿದ್ದೀರಾ? ಕೇಳಿರಲಿಕ್ಕಿಲ್ಲ. ನಮ್ಮ ಮಾವನವರೂ ಭಜನಿ ಮನುಷ್ಯರೇ, ದೊಡ್ಡ ಹೆಸರು. ರಾತ್ರಿ ಎರಡಕ್ಕೆ ಮೇಳದ ಹನ್ನೆರಡು ಮಂದಿಯನ್ನು ಕರೆದುಕೊಂಡು ಬಂದು 'ಚಹಾ ಇಡು' ಅನ್ನುತ್ತಿದ್ದರು. ನಾನು ಇಟ್ಟಿದ್ದೇನೆ, ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿಯನ್ನೂ ಬಡಿದಿದ್ದೇನೆ. ಸಿಟ್ಟಿಲ್ಲ, ಈಗ ಅವರಿಲ್ಲ ಅಂದರೂ ಆ ಎರಡು ಗಂಟೆಗೆ ಎಚ್ಚರ ಆಗುತ್ತದೆ. ಆದರೆ ಒಳಗಿನವರು ಗೋಡೆ ಆಚೆಯಿಂದ ಎಲ್ಲ ಪದ ಕೇಳಿರುತ್ತಾರೆ, ಯಾರೂ ಅವರನ್ನು ಕೇಳುವುದಿಲ್ಲ. ಪೇಟಿ ಕಥೆಯಲ್ಲಿ ಮೂರು ದಿನ ಮಾತು ಬಿಟ್ಟವರೂ ಇದ್ದಾರಲ್ಲ, ಅದನ್ನೂ ಪುಸ್ತಕದಲ್ಲಿ ಬರೆಯಿರಿ.

ರೇಡಿಯೊ_ಗಿರಾಕಿ:
ಕ್ಯಾಸೆಟ್ ಬಗ್ಗೆ. ಮನೆಯ ಹಳೆ ಟೇಪಿಗೆ ಸುಮ್ನೆ ತುರುಕಬೇಡಿ. ಮೊದಲು ಮೇಲಿನ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದು ಹಾಕಿ, ಇಲ್ಲದಿದ್ದರೆ ಯಾರೋ ಮಗು ಕೆಂಪು ಬಟನ್ ಒತ್ತಿದರೆ ಮುತ್ಯಾ ಅಳಿಸಿ ಹೋಗುತ್ತಾನೆ. ರೀಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ಬಲ್ಲವರಿಗೆ ಕೊಡಿ. ಚೆನ್ನಾಗಿದ್ದರೆ ಹೆಡ್ ಒರೆಸಿ, ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಕೊಡಿ, ಆಡಾಸಿಟಿ ಪುಕ್ಕಟೆ ಸಿಗುತ್ತದೆ. ಒಮ್ಮೆಗೇ ಪೂರ್ತಿ ರೆಕಾರ್ಡ್ ಮಾಡಿ, ಕತ್ತರಿಸುವುದು ಆಮೇಲೆ. ನಡುವಿನ ಕೆಮ್ಮು, ಮಾತು ತೆಗೆಯಬೇಡಿ.

ಎರೆಹೊಲ:
ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಅಕ್ಕಾ, ನೀವು ಹೇಳಿದ್ದು ನಿಜ, ಕೇಳಿರಲಿಲ್ಲ. ಆಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು, ಹುಡುಗನನ್ನು ಪಕ್ಕದಲ್ಲಿ ಕೂಡಿಸಿ ಓದಿಸಿದೆ. ಅವನು ಅರ್ಧ ಸಾಲು ಓದಿದರೆ ಸಾಕು, ಮಿಕ್ಕದ್ದು ಅವಳು ಹೇಳಿ ಮುಗಿಸುತ್ತಾಳೆ. ಮಾಸ್ತರರೇ, ನಿಮ್ಮ 'ಬೇಡು, ಬೀಡು' ಸರಿಯಾಗಿ ಎರಡನೇ ಪದದಲ್ಲೇ ಬಂತು! ಇಸವಿ 1367 ಇದೆ, ಅಂದರೆ 1957, ಮುತ್ಯಾನಿಗೆ ಆಗ ಇಪ್ಪತ್ತರ ಸುಮಾರು.

ಪದಗಳ ನಡುನಡುವೆ ಲೆಕ್ಕ ಇದೆ. ಒಂದು ಪುಟದಲ್ಲಿ ಪದ, ಅದರ ಬೆನ್ನಿಗೇ ಗೊಬ್ಬರ 14 ಗಾಡಿ, ಕಳೆ ತೆಗೆದ ಹೆಣ್ಣಾಳುಗಳ ಕೂಲಿ, ಯಾರಿಗೋ ಕೊಡಬೇಕಾದ 9 ರೂಪಾಯಿ ಹಾಲಿ. ಒಂದು ಪದ ಅರ್ಧಕ್ಕೇ ನಿಂತಿದೆ, ಕೆಳಗೆ 'ಮಳೆ ಬಂತು' ಅಂತಿದೆ. ಪ್ರೆಸ್ಸಿನವರ ನಮೂನೆ ಬೇಡ ಅಂದೆ. ಆ ಪುಟಗಳ ಫೋಟೊನೇ ಹಾಕಿ, ಎದುರಿಗೆ ಕನ್ನಡದಲ್ಲಿ ಆಯಿ ಹೇಳಿದ್ದನ್ನು ಹಾಕುತ್ತಿದ್ದೇವೆ. ದೊಡ್ಡ ಕಾಕಾನಿಗೆ ಸಾಲದ ಲೆಕ್ಕ ಹಾಕುವುದು ಅಷ್ಟು ಸರಿ ಕಾಣಲಿಲ್ಲ, ಆದರೂ ಒಪ್ಪಿದ.

ನಿನ್ನೆ ಒಂದು ಪದ ಮುಗಿದ ಮೇಲೆ ಆಯಿ ಮೊರ ಕೆಳಗಿಟ್ಟು, 'ಮೂರನೇ ನುಡಿಗಿ ಬಂದನಂದ್ರ ಅವ ತಾಳ ತಪ್ಪತಿದ್ದ, ಯಾರೂ ಹೇಳತಿದ್ದಿಲ್ಲ' ಅಂದಳು. ರಾತ್ರಿ ಕ್ಯಾಸೆಟ್ ಹಾಕಿ ಕೇಳಿದೆವು. ತಪ್ಪಿದ್ದಾನೆ. ಮೂರು ಕ್ಯಾಸೆಟ್ಟಿನಲ್ಲೂ.